ವಾಲದ ಸ್ಕೂಟರ್

ಉದಗೀರದ ಮೋಂಢಾದಲ್ಲಿ, ಅಂದರೆ ಅಲ್ಲಿನ ಕಾಳುಕಡಿಯ ಪೇಟೆಯಲ್ಲಿ, ಗಾಡಿಯ ಚಾವಿಯನ್ನು ಗಾಡಿಯಲ್ಲೇ ಬಿಟ್ಟು ಹೋಗುವುದು ಒಂದು ಮರ್ಯಾದೆ. ತೊಗರಿ ಹೇರಿಕೊಂಡ ಟ್ರ್ಯಾಕ್ಟರು ಓಣಿಯೊಳಗೆ ಮೂತಿ ತೂರಿಸಿತೆಂದರೆ ಅಂಗಡಿಗಳ ಮುಂದೆ ನಿಂತ ಮೋಟರ್ ಸೈಕಲ್ಲುಗಳೆಲ್ಲ ಸರಿಯಬೇಕು. ಸರಿಸುವವರು ಹಮಾಲರು. ಯಾರ ಗಾಡಿಯಾದರೂ ಸರಿಯೇ, ಚಾವಿ ತಿರುವಿ, ಎರಡು ಮಾರು ಆಚೆ ಒಯ್ದು ನಿಲ್ಲಿಸಿ ಬರುತ್ತಾರೆ. ಹ್ಯಾಂಡಲ್ಲಿಗೆ ಲಾಕ್ ಹಾಕಿ ಚಾವಿಯನ್ನು ಕಿಸೆಗೆ ಇಳಿಬಿಟ್ಟುಕೊಂಡು ಹೋದವನನ್ನು ಇಡೀ ಓಣಿ ಬಯ್ಯುತ್ತದೆ. "ಯಾವಂವಲೇ ಇವಾ, ನಿಜಾಮನ ಖಜಾನಿ ತಂದು ನಿಂದ್ರಿಸ್ಯಾನ!" ಎನ್ನುತ್ತಾರೆ.

ಕಾಳಿನ ದಲಾಲಿ ನಡೆಸುವ ಅಡತಿ ಅಂಗಡಿಯ ಜಗದೇವಪ್ಪ ಈ ಮರ್ಯಾದೆಯಲ್ಲೇ ಹುಟ್ಟಿ ಬೆಳೆದವನು. ಮಗಳು ವೈಷ್ಣವಿಗೂ ಅದನ್ನೇ ಕಲಿಸಿದ್ದ. ಊರ ಹೊರಗಿನ ವಿದ್ಯಾಪೀಠದ ಆವಾರದಲ್ಲಿ ಆಕೆ ಎಂ.ಎಸ್ಸಿ. ಓದುತ್ತಿದ್ದಳು. ಅಲ್ಲಿಯ ಪಾರ್ಕಿಂಗ್ ಕೂಡ ಮೋಂಢಾದ ಓಣಿಗಿಂತ ಏನೂ ಕಡಿಮೆ ಇರಲಿಲ್ಲ. ಒಂದರ ಹೊಟ್ಟೆಗೆ ಒಂದು ತಗುಲಿಕೊಂಡು ಗಾಡಿಗಳು. ಮುಂದಿನದು ಸರಿಯದೆ ಹಿಂದಿನದು ಹೊರಬೀಳುವಂತಿಲ್ಲ. ಹೀಗಾಗಿ ಪೇಟೆಯ ಮಕ್ಕಳೆಲ್ಲ ಅಪ್ಪಂದಿರ ಹಾಗೆಯೇ ಚಾವಿ ಬಿಟ್ಟು ತರಗತಿಗೆ ಹೋಗುತ್ತಿದ್ದರು.

ಅವತ್ತು ಕಾಳಿನ ಹರಾಜು, ಅಲ್ಲಿಯವರ ಬಾಯಲ್ಲಿ ಸೌದಾ, ಜೋರಾಗಿತ್ತು. ಜಗದೇವಪ್ಪ ತೊಗರಿಯ ರಾಶಿಯ ಮೇಲೆ ಕೈಯಾಡಿಸುತ್ತ ಕೂಗುತ್ತಿದ್ದಾಗ ಫೋನು ಬಂತು.

"ಅಪ್ಪಾ, ನನ್ನ ಗಾಡಿ ಇಲ್ಲ."

"ಯಾರರ ಸರಿಸಿರಬೇಕು, ನೋಡವಾ."

"ಎಲ್ಲಾ ಕಡಿ ನೋಡೀನಿ. ಇಲ್ಲ."

ಮಗಳ ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ಜಗದೇವಪ್ಪ ಸೌದಾ ಅರ್ಧಕ್ಕೇ ಬಿಟ್ಟು ಹೊರಟ. ಅತ್ತಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ವೈಷ್ಣವಿಯ ಎಡಗಾಲು ಹುಟ್ಟಿನಿಂದಲೇ ಸಣ್ಣದು, ಅದರಲ್ಲಿ ಬಲವಿಲ್ಲ. ಶಾಲೆ, ಕಾಲೇಜು ಎಲ್ಲವನ್ನೂ ಆಕೆ ಅಪ್ಪನ ಮೋಟರ್ ಸೈಕಲ್ಲಿನ ಹಿಂದೆ, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮುಗಿಸಿದ್ದಳು. ಹೋಗುವಾಗ ಅಪ್ಪ ಎತ್ತಿ ಕೂರಿಸಬೇಕು, ಬರುವಾಗ ಅಪ್ಪ ಎತ್ತಿ ಇಳಿಸಬೇಕು. ಅಪ್ಪನಿಗೆ ಸೌದಾ ಇದ್ದ ದಿನ ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು ಕಾಯಬೇಕು. ಆಮೇಲೆ ಆ ಹಸಿರು ಸ್ಕೂಟರ್ ಬಂತು. ಹಿಂದಿನ ಗಾಲಿಯ ಎರಡೂ ಮಗ್ಗುಲಿಗೆ ಒಂದೊಂದು ಸಣ್ಣ ಗಾಲಿ ಕೂರಿಸಿದ ಗಾಡಿ. ಒಂದು ಬೇಸಿಗೆಯೆಲ್ಲ ಮೋಂಢಾದ ಖಾಲಿ ಕಟ್ಟೆಯ ಸುತ್ತ ಬಿದ್ದು ಎದ್ದು ಆಕೆ ಅದನ್ನು ಕಲಿತಳು. ತಾಯಿ ಶಕುಂತಲಾಬಾಯಿ ಸೋಮವಾರಕ್ಕೊಮ್ಮೆ ಅದರ ಹಣೆಗೆ ವಿಭೂತಿ ಎಳೆಯುತ್ತಿದ್ದಳು. ಆ ಗಾಡಿ ಬಂದ ಮೇಲೆ ವೈಷ್ಣವಿ ಯಾವಾಗ ಹೋಗುತ್ತಾಳೆ, ಯಾವಾಗ ಬರುತ್ತಾಳೆ, ದಾರಿಯಲ್ಲಿ ಯಾರ ಜೊತೆ ನಿಂತು ನಗುತ್ತಾಳೆ ಎಂಬುದನ್ನು ಮನೆಯಲ್ಲಿ ಯಾರೂ ಕೇಳುವಂತಿರಲಿಲ್ಲ. ಕಳುವಾದದ್ದು ಅದೆಲ್ಲ.

ಜಗದೇವಪ್ಪ ವಿದ್ಯಾಪೀಠ ಮುಟ್ಟುವಷ್ಟರಲ್ಲಿ ಪಾರ್ಕಿಂಗಿನಲ್ಲಿ ಜನ ಕೂಡಿತ್ತು. ನಡುವೆ ಖಾಕಿ ಅಂಗಿ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಅಲ್ಲಿಯ ಸುರಕ್ಷಾ ಅಧಿಕಾರಿ ಸಾರಿಕಾ. ಲೋಹಾರಾ ಕಡೆಯ ಒಕ್ಕಲುತನದ ಮನೆಯ ಮಗಳು. ಹಿಂದೆ ಒಂದು ಸಕ್ಕರೆ ಕಾರ್ಖಾನೆಯ ಗೇಟು ನೋಡಿಕೊಂಡು ಬಂದವಳು. ಹುಡುಗರು ಆಕೆಗೆ ಬೆನ್ನ ಹಿಂದೆ 'ಚಹಾ ಮ್ಯಾಡಮ್' ಎನ್ನುತ್ತಿದ್ದರು. ರಜೆಯ ದಿನ ಬಂತೆಂದರೆ ಆಕೆ ತನ್ನ ಮೋಟರ್ ಸೈಕಲ್ ಹತ್ತಿ ನಿಲಂಗಾ ರಸ್ತೆ, ಉಮರ್ಗಾ ರಸ್ತೆ, ಬೀದರ ರಸ್ತೆ ಎಂದು ತಿರುಗುತ್ತ, ಗ್ಯಾರೇಜು, ಗುಜರಿ ಅಂಗಡಿ, ಪಂಕ್ಚರ್ ಅಂಗಡಿಗಳಲ್ಲಿ ಕುಳಿತು ಚಹಾ ಕುಡಿಯುತ್ತಾಳೆಂದು ಊರಿಗೆಲ್ಲ ಗೊತ್ತಿತ್ತು. ಯಾಕೆ ಕುಡಿಯುತ್ತಾಳೆಂದು ಯಾರೂ ಕೇಳಿರಲಿಲ್ಲ.

ಜಗದೇವಪ್ಪ ಶರಣಾರ್ಥಿ ಕೂಡ ಹೇಳದೆ ಶುರು ಮಾಡಿದ. "ಏನ್ರೀ ಮ್ಯಾಡಮ್, ಹಾಡಹಗಲಿ ಗಾಡಿ ಹೊಡ್ಕೊಂಡು ಹೋಗ್ಯಾನ, ನಿಮ್ಮ ಸೀಟಿ ಎಲ್ಲಿತ್ತು?"

"ಸೀಟಿ ಕೊಳ್ಳಾಗೇ ಅದ ಕಾಕಾ," ಎಂದಳು ಸಾರಿಕಾ ಸಮಾಧಾನದಿಂದ. "ಚಾವಿ ಎಲ್ಲಿತ್ತು?"

ಜಗದೇವಪ್ಪ ಮಗಳ ಮುಖ ನೋಡಿದ. ಮಗಳು ನೆಲ ನೋಡಿದಳು.

"ಗಾಡಿಗೇ ಇತ್ರೀ," ಎಂದಳು.

"ಗಾಡಿಗೇ ಇರ್ತದ್ರೀ!" ಎಂದು ಜಗದೇವಪ್ಪ ದನಿ ಏರಿಸಿದ. "ಇಷ್ಟು ಗದ್ದಲದಾಗ ಚಾವಿ ಇಡದಿದ್ರ ಹಿಂದಿನವ ಹ್ಯಾಂಗ ಹೋಗಬೇಕು? ಮಂದಿ ಬೈಯಂಗಿಲ್ಲೇನು? ಮೊದಲ ಈ ಗೇಟಿನವಂಗ ಮನಿಗಿ ಕಳಸ್ರಿ. ಕಣ್ಣ ಮುಂದ ಗಾಡಿ ಹೋದರೂ ಕುಂತಾನ ಗೊಂಬಿಗತೆ!"

ಗೇಟಿನ ಕಾವಲುಗಾರ ಧೂಳಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ಒಂದು ಕಡೆ ನಿಂತಿದ್ದ. ಕ್ಯಾಮರಾದಲ್ಲಿ ಎಲ್ಲವೂ ಬಂದಿತ್ತು. ನೀಲಿ ಅಂಗಿಯವನೊಬ್ಬ ಮಾವನ ಮನೆಗೆ ಬಂದವನ ಹಾಗೆ ನಿಧಾನವಾಗಿ ನಡೆದು ಬಂದು, ಹಸಿರು ಸ್ಕೂಟರನ್ನು ಹೊರಗೆಳೆದು, ಗೇಟಿನ ತನಕ ಒಯ್ದಿದ್ದ. ಧೂಳಪ್ಪನೇ ಎದ್ದು ಅಡ್ಡಗಂಬ ಎತ್ತಿ ಕೊಟ್ಟಿದ್ದ.

"ಅಕ್ಕೋರದು ಗಾಡಿ ಯಾರರ ಹುಡುಗರು ದಿನಾ ಮೆಟ್ಟಿಲ ತನಕ ತಂದುಕೊಡ್ತಾರ್ರಿ," ಎಂದ ಧೂಳಪ್ಪ. "ಇಂವಾನೂ ಅದಕ್ಕೇ ತಿರುವಿಕೊಳ್ಳಾಕತ್ತಾನ ಅಂದ್ಕೊಂಡೆ. 'ಥ್ಯಾಂಕ್ಯೂ ದಾದಾ' ಅಂದ ನೋಡ್ರಿ ಮತ್ತ!"

ಯಾರೋ ಕಿಸಕ್ಕೆಂದರು. ಸಾರಿಕಾ ಅತ್ತ ತಿರುಗಿ ನೋಡಿದಳು, ನಗು ನಿಂತಿತು.

"ಧೂಳಪ್ಪಗ ನಾ ಎಲ್ಲಿಗೂ ಕಳ್ಸಂಗಿಲ್ಲ ಕಾಕಾ. ಈ ಆವಾರದಾಗ ಕಳ್ಳನ ಮಾರಿ ಹತ್ತರದಿಂದ ನೋಡಿದವ ಇವನೊಬ್ಬನೇ. ಧೂಳಪ್ಪಾ, ಟೊಪ್ಪಗಿ ಹಾಕ್ಕೊ. ಅಂವಾ ಯಾ ಕಡಿ ತಿರುಗಿದ?"

"ನಿಲಂಗಾ ರೋಡಿಗಿ, ಮ್ಯಾಡಮ್. ಆದ್ರ ತಿರುಗೂ ಮುಂದ ಗಾಡಿ ಸೀದಾ ಗಟಾರದ ಕಡಿ ಹೋತು. ಕಾಲು ಹಚ್ಚಿ ನಿಂದ್ರಿಸಿದ."

ಇದನ್ನು ಕೇಳಿ ವೈಷ್ಣವಿ ಮೊದಲ ಸಲ ತಲೆ ಎತ್ತಿದಳು. "ಹೋಗೇ ಹೋಗ್ತದ. ಅದು ವಾಲಂಗಿಲ್ಲಲ್ರೀ. ಬಾಜೂಕ ಗಾಲಿ ಅವ. ಎಲ್ಲಾರಗತೆ ಮೈ ವಾಲಿಸಿದ್ರ ತಿರಗಂಗಿಲ್ಲ, ಆಟೋದ ಗತೆ ಹ್ಯಾಂಡಲ್ ಎಳೀಬೇಕು."

ಸಾರಿಕಾಳ ಕಣ್ಣು ಸಣ್ಣದಾಯಿತು. ಜಗದೇವಪ್ಪ ನೋಡುತ್ತಲೇ ಇದ್ದ. ತೊಗರಿಯ ಒಂದು ಮುಷ್ಟಿ ಹಿಡಿದು ಇಡೀ ರಾಶಿಯನ್ನು ತೂಗುವವರ ಮುಖ ಹೀಗೇ ಆಗುವುದನ್ನು ಅವನು ಬಲ್ಲ.

"ಅಂದ್ರ ಅಂವಾ ದೂರ ಹೋಗಂಗಿಲ್ಲ," ಎಂದಳು ಸಾರಿಕಾ. "ಮೊದಲ ಆ ಗಾಲಿ ಬಿಚ್ಚಿಸ್ತಾನ. ಅವು ಕೈಲೆ ಬಿಚ್ಚಾಂಗ ಅವೇನು?"

"ಇಲ್ರೀ. ವೆಲ್ಡಿಂಗ್ ಮಾಡ್ಯಾರ. ಕಟರ್ ಬೇಕು."

ಪೊಲೀಸ್ ಠಾಣೆಗೆ ಆಗಲೇ ಫೋನು ಹೋಗಿತ್ತು. ಗಾಡಿಯ ಕಾಗದಗಳ ಫೋಟೋಗಳು ಸಾರಿಕಾಳ ಹತ್ತಿರವೇ ಇದ್ದವು. ಗಾಡಿ ತರುವ ಪ್ರತಿಯೊಬ್ಬರಿಂದಲೂ ಆಕೆ ವರ್ಷದ ಮೊದಲಿಗೇ ಕೇಳಿ ಇಸಿದುಕೊಂಡಿದ್ದಳು. ಈಗ ಫೋನು ತೆಗೆದು ವೈಷ್ಣವಿಯ ಮುಂದೆ ಹಿಡಿದಳು. ಆ ಚಹಾಗಳೆಲ್ಲ ಎಲ್ಲಿ ಹೋಗಿದ್ದವೆಂದು ಜಗದೇವಪ್ಪನಿಗೆ ಆಗ ತಿಳಿಯಿತು. 'ಗಾಡಿ ಕಾಯೋರು' ಎಂಬ ವಾಟ್ಸಾಪ್ ಗ್ರೂಪು. ಅದರಲ್ಲಿ ಉದಗೀರದಿಂದ ಉಮರ್ಗಾದ ತನಕ ಇರುವ ಗ್ಯಾರೇಜಿನವರು, ವೆಲ್ಡಿಂಗಿನವರು, ಗುಜರಿಯವರು, ಹೆದ್ದಾರಿಯ ಪೆಟ್ರೋಲ್ ಪಂಪಿನವರು. ಬೆಳಗೆದ್ದು ಹೂವಿನ ಚಿತ್ರ ಕಳಿಸಿದವರಿಗೆ ಅಲ್ಲಿ ಬೈಗುಳ ಬೀಳುತ್ತಿತ್ತಂತೆ. ಹಾಗಾಗಿ ಗ್ರೂಪು ಸದ್ದು ಮಾಡಿತೆಂದರೆ ಎಲ್ಲರೂ ಕೈಕೆಲಸ ಬಿಟ್ಟು ನೋಡುತ್ತಿದ್ದರು.

"ನಾ ಬರದ್ರ ಯಾರೂ ಓದಂಗಿಲ್ಲ," ಎಂದಳು ಸಾರಿಕಾ. "ನೀನೇ ಹೇಳು. ಕನ್ನಡದಾಗೂ ಹೇಳು, ಮರಾಠ್ಯಾಗೂ ಹೇಳು. ಅಳಬ್ಯಾಡ, ಅತ್ತರ ಮಂದಿ 'ಅಯ್ಯೋ ಪಾಪ' ಅಂದು ಮುಂದ ಹೋಗ್ತಾರ."

ವೈಷ್ಣವಿ ಫೋನು ಇಸಿದುಕೊಂಡಳು. ಆಮೇಲೆ ಊರುಗೋಲಿನ ಮೇಲೆ ಭಾರ ಬಿಟ್ಟು ಮಾತಾಡಿದಳು.

"ಶರಣಾರ್ಥಿ ಎಲ್ಲಾರಿಗೂ. ನಾ ವೈಷ್ಣವಿ, ಉದಗೀರ ಮೋಂಢಾದ ಜಗದೇವಪ್ಪನ ಮಗಳು. ನನ್ನ ಹಸರ ಸ್ಕೂಟರ್ ವಿದ್ಯಾಪೀಠದಾಗಿಂದ ಹೋಗ್ಯಾದ. ಹಿಂದ ಎರಡೂ ಬಾಜೂಕ ಸಣ್ಣ ಗಾಲಿ ಅವ. ಒಯ್ದ ಅಣ್ಣ ಎಲ್ಲಿದ್ದರೂ ಕೇಳಲಿ. ಅಣ್ಣಾ, ಆ ಗಾಡಿ ವಾಲಂಗಿಲ್ಲ. ತಿರುವಿನಾಗ ನೀ ವಾಲಿದ್ರ ಅದು ಸೀದಾ ಕಬ್ಬಿನಾಗ ಹೋಗ್ತದ. ನಾ ಕಲಿಲಾಕ ಬೇಸಿಗಿ ಪೂರಾ ಬಿದ್ದೀನಿ, ನಿನಗ ಅಷ್ಟು ಪುರಸತ್ತು ಇಲ್ಲ, ಹಳು ಹೊಡಿ, ಸಾವಕಾಶ ಹೊಡಿ. ಗ್ಯಾರೇಜಿನ ಕಾಕಾಗೋಳೇ, ಗಾಲಿ ಕೊಯ್ದು ಕೊಡ್ರಿ ಅಂತ ಯಾರರ ಬಂದ್ರ ಕೊಯ್ಯಬ್ಯಾಡ್ರಿ. ಕೊಯ್ದ್ರ ಅದು ನನಗ ಉಪಯೋಗ ಇಲ್ಲ. ಕೊಯ್ಯದಿದ್ರ ಅವಂಗ ಉಪಯೋಗ ಇಲ್ಲ."

ಸುತ್ತ ನಿಂತವರು ನಗಬೇಕೋ ಬಿಡಬೇಕೋ ಎಂದು ತಿಳಿಯದೆ ನಿಂತರು. ಸಾರಿಕಾ ಕೊನೆಗೆ ತನ್ನ ದನಿ ಸೇರಿಸಿದಳು: "ಯಾರೂ ಮೈ ಮುಟ್ಟಬ್ಯಾಡ್ರಿ. ತಡದು ಕುಂದರಿಸ್ರಿ, ನನಗ ಫೋನ್ ಮಾಡ್ರಿ. ಹೊಡದವರ ಕೂಡ ನಾ ಚಹಾ ಕುಡಿಯಂಗಿಲ್ಲ."

ಜಗದೇವಪ್ಪ ಮಗಳನ್ನು ಎತ್ತಿ ತನ್ನ ಮೋಟರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮನೆಗೆ ಹೊರಟ. ಆಕೆಯ ಭಾರ ಮೊದಲಿನಷ್ಟೇ ಇತ್ತು. ಆದರೆ ಮೊದಲು ಆಕೆ ಅಪ್ಪನ ಹೆಗಲು ಹಿಡಿದುಕೊಳ್ಳುತ್ತಿದ್ದಳು. ಈಗ ಸೀಟಿನ ಹಿಂದಿನ ಕಂಬಿಯನ್ನು ಹಿಡಿದಿದ್ದಳು.

ಮರುದಿನ ಮೋಂಢಾಕ್ಕೆ ಕಾಲಿಟ್ಟಾಗ ಜಗದೇವಪ್ಪನಿಗೆ ಮಗಳ ದನಿ ಕೇಳಿಸಿತು. ಚೀಲದ ಅಟ್ಟಿಯ ಮೇಲೆ ಕುಳಿತು ಪಂಡಿತನೆಂಬ ಹಮಾಲ ಫೋನು ಹಿಡಿದಿದ್ದ, ಸುತ್ತ ನಾಲ್ಕಾರು ಜನ. "ಅಣ್ಣಾ, ಹಳು ಹೊಡಿ" ಎಂಬಲ್ಲಿ ಎಲ್ಲರೂ ಒಮ್ಮೆಗೇ ಹೋ ಎಂದು ನಕ್ಕರು. ಆಚೆಯ ಅಂಗಡಿಯಲ್ಲೂ ಅದೇ ದನಿ. ಚಹಾದ ಗಾಡಿಯವನ ಫೋನಿನಲ್ಲೂ ಅದೇ, ಅಲ್ಲಿ ಮರಾಠಿಯಲ್ಲಿ.

ಜಗದೇವಪ್ಪನಿಗೆ ಕಿವಿ ಬಿಸಿಯಾಯಿತು. ಮನೆಯ ಹೆಣ್ಣುಮಗಳ ದನಿ ಕಂಡಕಂಡವರ ಕಿಸೆಯಲ್ಲಿ! ಆಕೆಯ ಕಾಲಿನ ಮಾತನ್ನು ಪೇಟೆಯಲ್ಲಿ ತಾನು ಯಾವತ್ತೂ ಆಡಿದವನಲ್ಲ. ಯಾರಾದರೂ ಕೇಳಿದರೆ ತೊಗರಿಯ ದರಕ್ಕೆ ಮಾತು ತಿರುಗಿಸುತ್ತಿದ್ದ.

"ಬಂದ್ ಮಾಡಲೇ ಅದು!" ಎಂದ.

ಪಂಡಿತ ಫೋನು ಬಂದ್ ಮಾಡಿದ, ಆದರೆ ಹೆದರಲಿಲ್ಲ. "ಸಾವಕಾರ, ಸಿಟ್ಟ ಯಾಕ? ಆಕಿ ಗಾಡಿ ಎಷ್ಟು ಸಲ ಸರಿಸೀನಿ ನಾ. ಒಮ್ಮಿ ನನಗೂ ಸೀದಾ ನಿಮ್ಮ ಅಂಗಡಿ ಕಟ್ಟಿಗಿ ಒಯ್ದು ಬಡದದ. ನಾಚಿ ಯಾರಿಗೂ ಹೇಳಿದ್ದಿಲ್ಲ."

ಅಷ್ಟರಲ್ಲಿ ಉಮರ್ಗಾದ ವ್ಯಾಪಾರಿಯೊಬ್ಬರ ಫೋನು. ಎಂದಿನಂತೆ ತೊಗರಿಯ ಭಾವ ಕೇಳುತ್ತಾರೆಂದುಕೊಂಡರೆ, "ಜಗದೇವಪ್ಪನವರ, ಆ ಹುಡುಗಿ ನಿಮ್ಮಾಕೇನ್ರೀ? ಇಲ್ಲಿ ಬಸ್ ಸ್ಟ್ಯಾಂಡಿನಾಗ ಡ್ರೈವರಗೋಳೆಲ್ಲ ಕೇಳ್ಲತ್ತಾರ. ನಮ್ಮ ಮನ್ಯಾಗಿನವರಂತೂ ಎರಡು ಸಲ ಹಚ್ಚಿ ಕೇಳ್ಯಾರ. ಏನ್ ಧೈರ್ಯದ್ದು ಮಾತು! ನಿಮ್ಮ ಹೊಟ್ಟ್ಯಾಗ ಇಂಥಾಕಿ ಹುಟ್ಟಿದ್ದು ನಮಗ ಹೇಳೇ ಇಲ್ಲಲ್ಲ," ಎಂದರು.

ಜಗದೇವಪ್ಪ ಫೋನು ಕಿಸೆಗೆ ಹಾಕಿದ. ಆಮೇಲೆ ಪಂಡಿತನ ಹತ್ತಿರ ಹೋಗಿ ಮೆಲ್ಲಗೆ, "ಇನ್ನೊಮ್ಮಿ ಹಚ್ಚು," ಎಂದ.

ಸಾರಿಕಾಳ ಫೋನು ಬಂದದ್ದು ಸೌದಾ ಮುಗಿಯುವ ಹೊತ್ತಿಗೆ. "ಕಾಕಾ, ನಿಲಂಗಾಕ್ಕ ನಡೀರಿ. ಕಾಶೆಪ್ಪನ ಕಡಿ ಗಾಡಿ ಅದ. ಕಳ್ಳನೂ ಅದಾನ. ಭಜಿ ತಿನ್ಲತ್ತಾನಂತ."

ನಿಲಂಗಾದ ಕಾಶೆಪ್ಪನದು ವೆಲ್ಡಿಂಗ್ ಅಂಗಡಿ. ಇವರು ಮುಟ್ಟುವಷ್ಟರಲ್ಲಿ ಪೊಲೀಸರು ನೀಲಿ ಅಂಗಿಯವನನ್ನು ಜೀಪಿನಲ್ಲಿ ಕೂರಿಸಿದ್ದರು. ಅವನ ಮೊಳಕೈ ತರಚಿತ್ತು, ಪ್ಯಾಂಟಿಗೆ ಕಬ್ಬಿನ ಗದ್ದೆಯ ಕೆಸರು. ಹಸಿರು ಸ್ಕೂಟರ್ ಅಂಗಡಿಯ ಮುಂದೆ ಎರಡೂ ಸಣ್ಣ ಗಾಲಿಗಳ ಮೇಲೆ ಗಟ್ಟಿಯಾಗಿ ನಿಂತಿತ್ತು. ಹಣೆಯ ಮೇಲಿನ ವಿಭೂತಿ ಅರ್ಧ ಅಳಿಸಿತ್ತು.

ಕಾಶೆಪ್ಪ ಬಂದವರಿಗೆಲ್ಲ ಕಥೆ ಹೇಳುತ್ತಿದ್ದ. ಇವರನ್ನು ನೋಡಿ ಮತ್ತೆ ಮೊದಲಿಂದ ಶುರು ಮಾಡಿದ. "ಬಂದ್ರೀ, 'ಮಾಮಾ, ಈ ಗಾಲಿ ಕೊಯ್ದು ಕೊಡ್ರಿ' ಅಂದ. ನಾ ಮುಂಜಾನಿಂದ ಈ ಹುಡುಗಿ ಮಾತೇ ಕೇಳ್ಕೋತ ಕುಂತೀನಿ. ನಗು ಹ್ಯಾಂಗ ತಡಕೋಬೇಕ್ರೀ? 'ಕರೆಂಟ್ ಹೋಗ್ಯಾದಪಾ, ಕುಂದ್ರು' ಅಂದೆ. ಅಂವಾ ಮ್ಯಾಲ ನೋಡಿ, 'ಫ್ಯಾನ್ ತಿರಗ್ಲತ್ತದಲ್ಲ' ಅಂದ. ಚಾಲಾಕ ಅದಾನ್ರೀ! ನಾ ಅಂದೆ, 'ಅದು ಸಿಂಗಲ್ ಫೇಜ್. ಕಟರಿಗಿ ಥ್ರೀ ಫೇಜ್ ಬೇಕು. ನೀ ಒಕ್ಕಲುತನದವನ ಮಗ ಅಲ್ಲೇನು, ಇಷ್ಟೂ ತಿಳೀಯಂಗಿಲ್ಲ?' ಅಂವಗ ನಾಚಿಕಿ ಬಂತು. ಕುಂತ. 'ಮೊಳಕೈ ಏನಾತು' ಅಂದೆ. 'ತಿರುವಿನಾಗ ಬಿದ್ದೆ' ಅಂದ. ಆಗಂತೂ ನಾ ಒಳಗ ಹೋಗಿ ಅರಬಿ ಬಾಯಾಗ ತುರಕ್ಕೊಂಡು ನಕ್ಕು ಬಂದೆ. ಆಮ್ಯಾಲ ಮ್ಯಾಡಮ್ಮಗ ಫೋನ್ ಮಾಡಿ, ಅವಂಗ ಭಜಿ, ಸುಸಲಾ ತರಸಿ ಕೊಟ್ಟೆ."

"ಭಜಿ ಯಾಕ ಕೊಟ್ಟೀರಿ ಕಳ್ಳಗ?" ಎಂದ ಜಗದೇವಪ್ಪ.

"ಹಸದಿದ್ದ, ಸಾವಕಾರ. ಮತ್ತ ಬಾಯಿ ತುಂಬಿದವ ಎದ್ದು ಓಡಂಗಿಲ್ಲ."

ಸಾರಿಕಾ ಬಿದ್ದು ಬಿದ್ದು ನಕ್ಕಳು. ಜಗದೇವಪ್ಪನೂ ನಕ್ಕ. ಜೀಪಿನೊಳಗಿನ ನೀಲಿ ಅಂಗಿಯವ ಒಬ್ಬನೇ ನಗಲಿಲ್ಲ.

ಗಾಡಿಯನ್ನು ಅವತ್ತೇ ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಬಹುದೆಂದು ಜಗದೇವಪ್ಪ ಎಣಿಸಿದ್ದ. ಪೊಲೀಸರು ತಲೆಯಾಡಿಸಿದರು. ಕಳುವಿನ ಮಾಲು. ಕೋರ್ಟಿನ ಹುಕುಂ ಬರುವ ತನಕ ಠಾಣೆಯಲ್ಲೇ ಇರಬೇಕು. ಠಾಣೆಯ ಹಿಂದಿನ ಬಯಲಿನಲ್ಲಿ ಅಂಥ ಗಾಡಿಗಳು ಸಾಲಾಗಿ ಬಿದ್ದಿದ್ದವು. ಕೆಲವದರ ಚಕ್ರದೊಳಗಿಂದ ಜಾಲಿಯ ಗಿಡ ಎದ್ದಿತ್ತು, ಒಂದರ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಗಾಡಿ ಸಿಕ್ಕಿತು ಎಂದು ಜಗದೇವಪ್ಪ ಮಗಳಿಗೆ ಫೋನಿನಲ್ಲಿ ಆಗಲೇ ಹೇಳಿಬಿಟ್ಟಿದ್ದ.

"ನಿಂದ್ರಲಿ ಬಿಡ್ರಿ," ಎಂದಳು ಸಾರಿಕಾ. "ಜಾಲಿ ಹುಟ್ಟೂತನ ನಾ ಬಿಡಂಗಿಲ್ಲ."

ಆಕೆ ಬಿಡಲೂ ಇಲ್ಲ. ವಕೀಲರನ್ನು ಹಿಡಿದಳು, ಕಾಗದ ಜೋಡಿಸಿದಳು, ನಿಲಂಗಾದ ಕೋರ್ಟಿನ ಬೇವಿನ ಮರದ ಕೆಳಗೆ ದಿನಗಟ್ಟಲೆ ನಿಂತಳು. ಕೋರ್ಟಿನ ಸಿಪಾಯಿಗೂ ಆಕೆಗೂ ಚಹಾದ ಗೆಳೆತನ ಆಯಿತು. ಇದು ನಿಮ್ಮ ಕೆಲಸವೇ ಎಂದು ಯಾರೋ ಕೇಳಿದ್ದಕ್ಕೆ, "ಗಾಡಿ ನನ್ನ ಗೇಟಿನಿಂದ ಹೋಗ್ಯಾದ. ನನ್ನ ಗೇಟಿನ ಒಳಗ ಬರೂತನ ನನ್ನ ಕೆಲಸೇ," ಎಂದಿದ್ದಳಂತೆ.

ಆ ದಿನಗಳಲ್ಲಿ ಜಗದೇವಪ್ಪ ಮಗಳನ್ನು ಬಿಡಲು ವಿದ್ಯಾಪೀಠಕ್ಕೆ ಹೋಗುತ್ತಿದ್ದ. ಹೋದಾಗಲೆಲ್ಲ ಪಾರ್ಕಿಂಗ್ ಒಂದಿಷ್ಟು ಬದಲಾಗಿರುತ್ತಿತ್ತು. ಗಾಡಿಗೆ ಲಾಕ್ ಹಾಕದಿದ್ದರೆ ದಂಡ ಎಂಬ ನೋಟೀಸು ಅಂಟಿಸಲು ಸಾಹೇಬರು ಹೇಳಿದ್ದರಂತೆ. ಸಾರಿಕಾ ಒಪ್ಪಲಿಲ್ಲ. ಲಾಕ್ ಹಾಕಿದರೆ ಹಿಂದಿನವನು ಸಿಕ್ಕಿಬೀಳುತ್ತಾನೆ. ಸಿಕ್ಕಿಬಿದ್ದವನು ಬಯ್ಯುತ್ತಾನೆ. ಬೈಸಿಕೊಂಡವನು ನಾಳೆ ಮತ್ತೆ ಚಾವಿ ಬಿಡುತ್ತಾನೆ. ಆಕೆ ಹಳೆಯ ಮುರುಕು ಬೆಂಚುಗಳ ಗುಡ್ಡೆಯನ್ನು ಎತ್ತಿಸಿದಳು, ಮುಳ್ಳುಕಂಟಿ ಕಡಿಸಿದಳು, ಸುಣ್ಣದ ಗೆರೆ ಎಳೆಸಿದಳು. ಪ್ರತಿ ಎರಡು ಸಾಲಿನ ನಡುವೆ ಒಂದು ದಾರಿ. ಯಾರ ಗಾಡಿಯನ್ನೂ ಯಾರೂ ಮುಟ್ಟದೆ ಒಳಗೆ ಬರಬಹುದು, ಹೊರಗೆ ಹೋಗಬಹುದು. ಧೂಳಪ್ಪನಿಗೆ ಒಂದೇ ಕೆಲಸ ಹೇಳಿದ್ದಳು, ಹೊರಗೆ ಹೋಗುವ ಗಾಡಿಯವರು ಚಾವಿ ತೋರಿಸಿ ಅಲ್ಲ, ಹೆಸರು ಹೇಳಿ ಹೋಗಬೇಕು. ಧೂಳಪ್ಪ ಈಗ ಪ್ರತಿಯೊಬ್ಬರ ಮುಖವನ್ನೂ ಮದುವೆಗೆ ಹೆಣ್ಣು ನೋಡಿದಂತೆ ನೋಡುತ್ತಿದ್ದ.

"ಇದು ನಮ್ಮ ಮೋಂಢಾಕ್ಕ ಬರಬೇಕಿತ್ತು ನೋಡವಾ," ಎಂದ ಜಗದೇವಪ್ಪ ಮಗಳಿಗೆ. "ನಾವು ಇಷ್ಟು ವರ್ಷ ಚಾವಿ ಬಿಟ್ಟಿವಿ. ದಾರಿ ಬಿಡೂ ಬುದ್ಧಿ ಯಾರಿಗೂ ಬರಲಿಲ್ಲ."

ವೈಷ್ಣವಿ ಹೂಂ ಎಂದಳು. ಅಪ್ಪ ಬರುವುದು ತಡವಾದಾಗ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದಳು. ತಡವಾಯಿತೆಂದು ಒಂದು ಸಲವೂ ಅನ್ನಲಿಲ್ಲ. ಅನ್ನದಿದ್ದದ್ದೇ ಜಗದೇವಪ್ಪನನ್ನು ಹೆಚ್ಚು ಚುಚ್ಚುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಕೋರ್ಟಿನ ಹುಕುಂ ಬಂತು. ಕರೆದಾಗ ಹಾಜರುಪಡಿಸುತ್ತೇವೆಂದು ಬರೆದುಕೊಟ್ಟು ಗಾಡಿ ಒಯ್ಯಬಹುದು. ಜಗದೇವಪ್ಪ ಮಗಳನ್ನು ಕರೆದುಕೊಂಡು ಪಿಕಪ್ ಗಾಡಿ ಮಾಡಿಕೊಂಡು ನಿಲಂಗಾದ ಠಾಣೆಗೆ ಬಂದ. ಸಾರಿಕಾ ಮೊದಲೇ ಬಂದು ನಿಂತಿದ್ದಳು. ಕಾಶೆಪ್ಪ ಬ್ರೇಕು ನೋಡಿ, ಗಾಲಿ ಬಿಗಿದು, ಧೂಳು ಒರೆಸಿ ಕೊಟ್ಟಿದ್ದ.

ಜಗದೇವಪ್ಪ ಪಿಕಪ್ಪಿಗೆ ಹಲಗೆ ಹಚ್ಚಿಸುತ್ತಿರುವಾಗ ವೈಷ್ಣವಿ ಊರುಗೋಲನ್ನು ಸ್ಕೂಟರಿನ ಮುಂದೆ ಸಿಗಿಸಿ ಸೀಟಿನ ಮೇಲೆ ಕುಳಿತುಬಿಟ್ಟಿದ್ದಳು.

"ಅಪ್ಪಾ, ನಾ ಹೊಡ್ಕೊಂಡು ಬರ್ತೀನಿ."

"ಉದಗೀರ ತನಕ? ನಡುವ ದೇವಣಿ ಅದ, ರೋಡ್ ಹ್ಯಾಂಗ ಅದ ನೋಡಿದಿಲ್ಲ? ಊರಾಗ ಹೊಡ್ಯೂದು ಬ್ಯಾರೆ."

"ಕಳ್ಳ ಬಂದಾನ, ನಾ ಹೋಗಂಗಿಲ್ಲೇನು?"

ಕಾಶೆಪ್ಪ ನಗೆ ತಡೆಯಲು ಅತ್ತ ತಿರುಗಿದ.

"ಆತು, ನಾ ಪಿಕಪ್ಪಿನಾಗ ಹಿಂದ ಹಿಂದ ಬರ್ತೀನಿ."

"ಬ್ಯಾಡಪ್ಪಾ. ನೀ ಹಿಂದ ಬಂದ್ರ ನನ್ನ ಲಕ್ಷ್ಯ ಹಿಂದೇ ಇರ್ತದ. ಒಂದು ತಾಸು ಬಿಟ್ಟು ಬಾ."

ಆಕೆ ಗಾಡಿ ಚಾಲೂ ಮಾಡಿದಳು. ಠಾಣೆಯ ಗೇಟಿನಲ್ಲಿ ಮೈ ನೆಟ್ಟಗಿಟ್ಟು ಹ್ಯಾಂಡಲ್ಲನ್ನಷ್ಟೇ ಎಳೆದು ಹಗುರಾಗಿ ತಿರುವಿದಳು. ಆ ತಿರುವನ್ನು ನೋಡಿ ಒಬ್ಬ ಪೊಲೀಸಿನವನು ಭಲೇ ಎಂದ. ಹಸಿರು ಗಾಡಿ ಬಸ್ಸುಗಳ ನಡುವೆ ಸೇರಿಹೋಯಿತು.

ಜಗದೇವಪ್ಪ ಎರಡು ನಿಮಿಷ ತಡೆದ. ಆಮೇಲೆ ಫೋನು ತೆಗೆದ. ಅವನನ್ನೂ ಸಾರಿಕಾ ಆಗಲೇ ಗ್ರೂಪಿಗೆ ಸೇರಿಸಿದ್ದಳು. ಬಾಯಿ ಹತ್ತಿರ ಹಿಡಿದು ಹೇಳಿದ: "ಶರಣಾರ್ಥ್ರೀ, ನಾ ಜಗದೇವಪ್ಪ. ನನ್ನ ಮಗಳು ನಿಲಂಗಾದಿಂದ ಒಬ್ಬಾಕಿನೇ ಹೊಂಟಾಳ. ಹಸರ ಗಾಡಿ ನಿಮ್ಮ ಅಂಗಡಿ ಮುಂದ ದಾಟಿದ ಕೂಡ್ಲೆ ಜರಾ ತಿಳಸ್ರಿ."

ಕಳಿಸಿ ತಲೆ ಎತ್ತುವಷ್ಟರಲ್ಲಿ ಸಾರಿಕಾ ತನ್ನ ಫೋನಿನಿಂದ ಅದನ್ನು ಇಡೀ ಗ್ರೂಪಿನಿಂದಲೇ ಅಳಿಸಿ ಹಾಕಿದ್ದಳು. ಸಿಟ್ಟಿಲ್ಲದ ದನಿಯಲ್ಲೇ ಅಂದಳು, "ಕಾಕಾ, ಈ ಗ್ರೂಪ್ ಕಳ್ಳನ ಹಿಂದ ಬೀಳ್ಲಾಕ ಮಾಡೀನಿ. ಮಕ್ಕಳ ಹಿಂದ ಬೀಳ್ಲಾಕ ಕೊಡಂಗಿಲ್ಲ."

"ದಾರ್ಯಾಗ ಬಿದ್ದರ?"

"ಆಕಿ ಕಡಿ ಫೋನ್ ಅದ. ಬೇಕಾದ್ರ ಆಕಿ ಮಾಡ್ತಾಳ."

"ತಂದಿ ಅದೀನಿ ಮ್ಯಾಡಮ್ ನಾ."

"ಹೌದ್ರೀ. ಅದಕ್ಕೇ ಹೇಳ್ಲತ್ತೀನಿ. ಪ್ರತಿ ಅಂಗಡಿಯವ ತನ್ನನ್ನ ಎಣಸ್ಲತ್ತಾನ ಅಂತ ಆಕಿಗಿ ತಿಳೀತಂದ್ರ, ಈ ಗಾಡಿ ಸಿಕ್ಕೂ ಸಿಕ್ಕಂಗಲ್ಲ. ಮತ್ತ ನಿಮ್ಮ ಹಿಂದೇ ಕುಂತಂಗ ಆತು."

ಜಗದೇವಪ್ಪ ಮೋಂಢಾದಲ್ಲಿ ಮಾತಿಗೆ ಸೋಲದವನು. ಆದರೆ ಎದುರಿಗಿದ್ದವಳು ಒಂದು ಗಾಡಿಗಾಗಿ ಎಷ್ಟು ರಸ್ತೆ ಸುತ್ತಿದ್ದಳು, ಎಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದಳು ಎಂಬುದು ಕಣ್ಣ ಮುಂದೆ ಬಂತು. ಗಾಡಿಯನ್ನು ಹುಡುಕುವಾಗ ಇಡೀ ಸೀಮೆಯ ಕಣ್ಣು ತೆರೆಸಿದವಳು, ಸಿಕ್ಕ ಮೇಲೆ ಆ ಕಣ್ಣುಗಳನ್ನೆಲ್ಲ ತಾನೇ ಮುಚ್ಚಿಸಿದ್ದಳು. ಇಂಥ ಕಾವಲು ಜಗದೇವಪ್ಪ ಎಲ್ಲೂ ನೋಡಿರಲಿಲ್ಲ. ಫೋನನ್ನು ಕಿಸೆಗೆ ಹಾಕಿಕೊಂಡ.

"ಮತ್ತ ನಾ ಏನ್ ಮಾಡ್ಲಿ ತಂಗೀ?"

ಮ್ಯಾಡಮ್ ಹೋಗಿ ತಂಗಿ ಆದದ್ದು ಅವನಿಗೇ ತಿಳಿಯಲಿಲ್ಲ. ಸಾರಿಕಾಳಿಗೆ ತಿಳಿಯಿತು. ಮುಗುಳ್ನಕ್ಕು ತನ್ನ ಮೋಟರ್ ಸೈಕಲ್ ಹತ್ತಿದಳು. "ಕಾಶೆಪ್ಪನ ಕಡಿ ಚಹಾ ಕುಡೀರಿ. ನಾ ಲೋಹಾರಾಕ್ಕ ಹೋಗ್ತೀನಿ, ಮೂರು ವಾರ ಆತು ನಮ್ಮವ್ವನ ಮಾರಿ ನೋಡಿಲ್ಲ."

ಜಗದೇವಪ್ಪ ಕಾಶೆಪ್ಪನ ಅಂಗಡಿಯ ಬೆಂಚಿನ ಮೇಲೆ ಕುಳಿತ. ಒಂದು ಚಹಾ ಆಯಿತು, ಮತ್ತೊಂದು ಆಯಿತು. ತಾಸು ದಾಟಿದರೂ, ಈಗ ಹೊರಟರೆ ಮಗಳ ಬೆನ್ನಿಗೆ ಬಿದ್ದಂತಾಗುತ್ತದೆಂದು ಹೊರಡಲಿಲ್ಲ. ಕಟರಿನ ಕಿಡಿಗಳು ಹಾರುವುದನ್ನು ನೋಡಿದ. ಹೊರಗೆ ಹಾರ್ನ್ ಆದಾಗಲೆಲ್ಲ ಎದ್ದು ನೋಡಿ ಮತ್ತೆ ಕುಳಿತ. ಕಾಶೆಪ್ಪ ಮೂರನೆಯ ಸಲ ಅದೇ ಕಥೆ ಹೇಳಿದಾಗಲೂ ಫ್ಯಾನಿನ ಮಾತಿಗೆ ನಕ್ಕ, ಆದರೆ ಕಿವಿ ಕಿಸೆಯ ಕಡೆಗಿತ್ತು. ಫೋನು ತೆಗೆಯಬೇಕೆನ್ನಿಸಿದಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಕಾಶೆಪ್ಪ ಅದನ್ನು ಕಂಡೂ ಕಾಣದವನಂತೆ ಇನ್ನೊಂದು ಚಹಾ ಹೇಳಿದ.

ಕಡೆಗೆ ಫೋನು ಸದ್ದಾಯಿತು. ಹೆಂಡತಿ ಶಕುಂತಲಾಬಾಯಿ.

"ಎಲ್ಲಿ ಕುಂತೀರಿ ನೀವು? ಹುಡುಗಿ ಯಾವಾಗೋ ಬಂದಾಳ. ಉಂಡು, ಗೆಳತಿ ಮನಿಗಿ ಅಂತ ಮತ್ತ ಗಾಡಿ ತಗೊಂಡು ಹೋಗ್ಯಾಳ. ದೇವಣ್ಯಾಗ ನಿಂದು ಪ್ಯಾರಲಹಣ್ಣು ತಗೊಂಡು ಬಂದಾಳ ನೋಡ್ರಿ, ಒಂದು ಚೀಲ!"

ಜಗದೇವಪ್ಪನಿಗೆ ವ್ಯಾಪಾರಿಯ ಬಾಯಿಗೆ ಬರುವ ಮಾತೇ ಬಂತು. "ಹಣ್ಣು ಹ್ಯಾಂಗ ಅವ? ಮಾಲು ಚೊಲೊ ಅದೇನು?"

"ಬಂದು ತಿಂದು ನೋಡ್ರಿ," ಎಂದಳು ಶಕುಂತಲಾಬಾಯಿ. "ಜಲ್ದಿ ಬರ್ರಿ. ನೀವು ತಡಾ ಮಾಡಿದ್ರ ನಾನೇ ಮುಗಸ್ತೀನಿ."